ಕೆಸರುಗದ್ದೆಯಲ್ಲಿ ಆಫ್‌ಸೈಡ್

ವಾದದಲ್ಲಿ ಗೆಲ್ಲುವುದು ನನಗೆ ಕಷ್ಟದ ಕೆಲಸವಲ್ಲ. ಗೆದ್ದ ಮೇಲೆ ಯಾರೂ ಮಾತನಾಡಿಸುವುದಿಲ್ಲ ಎಂಬುದೊಂದೇ ಅದರ ತೊಂದರೆ. ಹೈಸ್ಕೂಲಿನಿಂದ ಕಾನೂನು ಕಾಲೇಜಿನವರೆಗೆ ಚರ್ಚಾಸ್ಪರ್ಧೆಗಳಲ್ಲಿ ಪರವಾಗಿಯೂ ಮಾತನಾಡಿದ್ದೇನೆ, ವಿರೋಧವಾಗಿಯೂ ಮಾತನಾಡಿದ್ದೇನೆ. ಒಮ್ಮೆ ಎದುರಾಳಿ ಬಾರದೇ ಹೋದಾಗ ಎರಡೂ ಕಡೆ ನಾನೇ ಮಾತನಾಡಿ ಎರಡನೆಯ ಬಹುಮಾನವನ್ನೂ ಮನೆಗೆ ತಂದಿದ್ದೇನೆ. ಈಗ ಸಾಗರದಲ್ಲಿ ವಕೀಲರೊಬ್ಬರ ಬಳಿ ಜೂನಿಯರ್. ಅಲ್ಲಿ ನನಗೆ ಬಾಯಿ ತೆರೆಯುವ ಅವಕಾಶ ಕಡಿಮೆ. ಹಾಗಾಗಿ ವಾರವಿಡೀ ಉಳಿಸಿಟ್ಟ ವಾದವನ್ನೆಲ್ಲ ಭಾನುವಾರ ಹೊಸನಗರದ ಬಸ್ಸಿನಲ್ಲಿ ಹೊತ್ತು ಊರಿಗೆ ಒಯ್ಯುತ್ತೇನೆ.

ನಮ್ಮೂರಿನಲ್ಲಿ ನಾಟಿಗೆ ಮುಂಚೆ, ಉತ್ತು ನೀರು ಕಟ್ಟಿದ ಗದ್ದೆಯಲ್ಲಿ ಕೆಸರುಗದ್ದೆ ಕ್ರೀಡಾಕೂಟ ನಡೆಯುತ್ತದೆ. ಗಂಡಸರಿಗೆ ಹಗ್ಗಜಗ್ಗಾಟ, ಕಬಡ್ಡಿ, ವಾಲಿಬಾಲ್. ಹೆಂಗಸರಿಗೆ ಕೊಡ ಹೊತ್ತು ಓಟ. ಆಟದ ದಿನವೂ ಹೆಂಗಸರ ತಲೆಯ ಮೇಲೆ ಕೊಡವೇ ಏಕಿರಬೇಕು ಎಂದು ಈ ವರ್ಷದ ಸಭೆಯಲ್ಲಿ ಎದ್ದು ನಿಂತು ಕೇಳಿದೆ. ಅಧ್ಯಕ್ಷರಾದ ನನ್ನ ದೊಡ್ಡಪ್ಪ ಹಗ್ಗಜಗ್ಗಾಟಕ್ಕೆ ವಿಸಿಲ್ ಊದಿ ಊದಿ ಕೆನ್ನೆ ಉಬ್ಬಿಸಿಕೊಂಡವರು. "ಮನೆಮನೆಗೆ ನಲ್ಲಿ ಬಂದು ಎಷ್ಟು ಕಾಲ ಆತು ಮಾರಾಯ್ತಿ! ಈಗ ಕೊಡ ಹೊರೋರು ಯಾರು? ಅಭ್ಯಾಸ ತಪ್ಪಬಾರ್ದು ಅಂತ ಇಟ್ಟಿದ್ದು" ಎಂದರು. ಸಭೆ ನಕ್ಕಿತು. ನನಗೆ ಅಷ್ಟು ಸಾಕಾಯಿತು. ಕೊಡ ಇಳಿಸಿ ಫುಟ್‌ಬಾಲ್ ಆಡಿಸದೆ ಬಿಡುವವಳಲ್ಲ ಎಂದು ಅಲ್ಲೇ ಘೋಷಿಸಿದೆ.

"ಒದೆಯೋ ಆಟಕ್ಕೂ ನಿಯಮ ಇರ್ತದಾ? ಇದ್ರೆ ನಂಗೆ ಅರ್ಥ ಮಾಡಿಸು" ಎಂದರು ದೊಡ್ಡಪ್ಪ. "ಅರ್ಥ ಆದ್ರೆ ಈ ವರ್ಷ ಒಂದು ಮ್ಯಾಚು. ಆದ್ರೆ ಆಡೋರು ಗದ್ದೇಲಿ ಜಗಳ ತೆಗೆದ್ರೋ, ಅವತ್ತಿಗೇ ಬಂದ್. ಮತ್ತೆ ಕೊಡನೇ."

ಅರ್ಥ ಮಾಡಿಸಲು ಕೂತೆ. ಮೊದಲು ಮೂಲ. ಚೀನಾದವರು ಪುಕ್ಕ ತುಂಬಿದ ತೊಗಲಿನ ಚೆಂಡನ್ನು ಸಾವಿರಾರು ವರ್ಷಗಳ ಹಿಂದೆಯೇ ಒದೆಯುತ್ತಿದ್ದರಂತೆ. ದುಂಡಗಿನ ವಸ್ತು ಕಂಡರೆ ಒದೆಯಬೇಕೆನ್ನಿಸಲು ಚೀನಾದಲ್ಲೇ ಹುಟ್ಟಬೇಕೆಂದೇನೂ ಇಲ್ಲವಾದ್ದರಿಂದ, ಯಾವ ದೇಶದವರು 'ನಾವೇ ಮೊದಲು' ಎಂದರೂ ನಾನು ಅನುಮಾನದಿಂದಲೇ ನೋಡುತ್ತೇನೆ. ಇಂಗ್ಲೆಂಡಿನಲ್ಲಿ ಹಬ್ಬದ ದಿನ ಒಂದಿಡೀ ಊರಿಗೂ ಇನ್ನೊಂದಿಡೀ ಊರಿಗೂ ಆಟ. ಆಳುಗಳಿಗೆ ಲೆಕ್ಕವಿಲ್ಲ, ಗೆರೆಯಿಲ್ಲ. ಬೇಲಿ ಮುರಿಯುತ್ತಿತ್ತು, ಮೂಳೆಯೂ ಮುರಿಯುತ್ತಿತ್ತು. ರಾಜರು ನಿಷೇಧಿಸಿದರು, ಜನ ಆಡುತ್ತಲೇ ಇದ್ದರು. ಮುಂದೆ ಶಾಲೆಗೊಂದು ನಿಯಮವಾಗಿ ಗೊಂದಲವೆದ್ದಾಗ ಕ್ಲಬ್ಬಿನವರೆಲ್ಲ ಲಂಡನ್ನಿನ ಪಾನಗೃಹವೊಂದರಲ್ಲಿ ಸೇರಿ ವಾದ ಮಾಡಿ, ಚೆಂಡನ್ನು ಕೈಲಿ ಹಿಡಿದು ಓಡುವಂತಿಲ್ಲ, ಎದುರಾಳಿಯ ಮೊಣಕಾಲಿನ ಕೆಳಗೆ ಒದೆಯುವಂತಿಲ್ಲ ಎಂದು ಬರೆದಿಟ್ಟರು. ಒದೆಯಲೇಬೇಕು ಎಂದವರು ಎದ್ದು ಹೋದರು.

"ಹೆಂಡದಂಗಡೀಲಿ ಕೂತು ಮಾಡಿದ ನಿಯಮನಾ?" ದೊಡ್ಡಪ್ಪನ ಕಿವಿ ನೆಟ್ಟಗಾಯಿತು. "ಹಂಗಾರೆ ಜಾರಿಗೆ ಬಂದಿದ್ದೇ ಹೆಚ್ಚು."

ಗೋಲ್ ಕೀಪರ್ ಬಿಟ್ಟು ಯಾರೂ ಕೈ ಮುಟ್ಟಿಸಬಾರದು, ಬದಿಯ ಗೆರೆ ದಾಟಿದರೆ ಎರಡೂ ಕೈಯಿಂದ ತಲೆಯ ಮೇಲಿಂದ ಎಸೆಯಬೇಕು, ಚೆಂಡು ಪೂರ್ತಿ ಗೆರೆ ದಾಟಿದರಷ್ಟೇ ಗೋಲು – ಇವೆಲ್ಲ ಒಂದು ಲೋಟ ಚಹಾದೊಳಗೆ ಮುಗಿದವು. ಆಫ್‌ಸೈಡ್ ಮಾತ್ರ ಮೂರು ಭಾನುವಾರ ತಿಂದಿತು. ಕೊನೆಗೆ ಮದುವೆ ಮನೆಯ ಪಂಕ್ತಿಗೆ ಶರಣಾದೆ.

"ದೊಡ್ಡಪ್ಪ, ಹೋಳಿಗೆ ಬಕೆಟ್ಟು ಅಡುಗೆಮನೆ ಬಿಡೋದ್ರೊಳಗೆ, ಎಲ್ಲರನ್ನೂ ದಾಟಿ ಮುಂದೆ ಹೋಗಿ ಎಲೆ ಹಿಡಿದು ಕೂರೋರು ಇಲ್ವಾ? ಅದು ಆಫ್‌ಸೈಡು. ಬಕೆಟ್ಟು ಹೊರಟ ಮೇಲೆ ಓಡಿಹೋಗಿ ಕೂತ್ರೆ ತಪ್ಪಿಲ್ಲ. ಇಲ್ಲಿ ಬಕೆಟ್ಟು ಅಂದ್ರೆ ಚೆಂಡು. ನಮ್ಮೋರು ಪಾಸ್ ಕೊಡೋ ಹೊತ್ತಿಗೆ ನಮ್ಮ ಮುಂದೆ ಎದುರು ಪಾರ್ಟಿಯ ಗೋಲ್ ಕೀಪರ್ ಜೊತೆ ಇನ್ನೊಬ್ರಾದ್ರೂ ಇರ್ಬೇಕು."

"ಮೊದ್ಲೇ ಹೋಗಿ ಕೂತು, ಹೋಳಿಗೆ ಮುಟ್ಟದೇ ಇದ್ರೆ?"

"ತಪ್ಪಿಲ್ಲ."

"ಎದುರು ಪಾರ್ಟಿಯೋರೇ ತಂದು ಬಡಿಸಿದ್ರೆ?"

"ಆಗ ಧಾರಾಳವಾಗಿ ಉಣ್ಬಹುದು."

"ಇದು ನ್ಯಾಯ. ನಮ್ಮ ಮದುವೆಗಳಿಗೂ ಈ ನಿಯಮ ಬೇಕು" ಎಂದರು ದೊಡ್ಡಪ್ಪ. ಫುಟ್‌ಬಾಲ್ ಮಂಜೂರಾಯಿತು. ರೆಫರಿ ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಏಳಲು ನಾನು ಬಿಡಲಿಲ್ಲ.

ಮೇಲಿನಕೇರಿಗೆ ಹಳದಿ ಟೀ ಶರ್ಟು, ಕೆಳಗಿನಕೇರಿಗೆ ನೀಲಿ; ಒಂದೊಂದು ಕಡೆ ಏಳು ಜನ. ಗದ್ದೆಯಂಚೇ ಗೆರೆ, ಬಿದಿರಿನ ಗಳಗಳೇ ಗೋಲು. ವಿಸಿಲ್ ಊದಿದೆ. ಮೊದಲ ಒದೆತಕ್ಕೆ ಚೆಂಡು ಒಂದು ಮಾರು ಹೋಗಿ, ಎಮ್ಮೆಯ ಹಾಗೆ ಕೆಸರಿನಲ್ಲಿ ಕೂತಿತು. ಉರುಳುವ ಚೆಂಡಿಗೆಂದು ಬರೆದ ನಿಯಮಗಳನ್ನು ಕೂತ ಚೆಂಡಿಗೆ ಅನ್ವಯಿಸುವುದು ಹೇಗೆಂದು ಲಂಡನ್ನಿನವರು ಯೋಚಿಸಿರಲಿಲ್ಲ. ಎರಡೂ ಕಡೆಯವರು ಬಂದು ಅದರ ಸುತ್ತ ಮುತ್ತಿಕೊಂಡರು. ನಾನು ಮೂರು ಭಾನುವಾರ ಪಾಠ ಹೇಳಿದ ಆಟ, ನಿಯಮಗಳೆಲ್ಲ ಹುಟ್ಟುವ ಮುಂಚಿನ ಊರ ಮೇಲೆ ಊರು ಬೀಳುವ ಆಟಕ್ಕೆ ಕಣ್ಣೆದುರೇ ಮರಳಿತು. ಸ್ವಲ್ಪ ಹೊತ್ತಿನಲ್ಲಿ ಹಳದಿಯೂ ಇಲ್ಲ, ನೀಲಿಯೂ ಇಲ್ಲ. ಎಲ್ಲರದೂ ಗದ್ದೆಯ ಬಣ್ಣ.

ಆ ರಾಶಿಯಲ್ಲಿ ಸೇರದೆ ಇದ್ದವರು ದೊಡ್ಡಪ್ಪನ ತಂಗಿ, ಮೇಲಿನಕೇರಿಯ ಗಿರಿಜತ್ತೆ. "ಅಷ್ಟು ದೂರ ಕಾಲು ಕಿತ್ತು ಕಿತ್ತು ಇಡೋಕೆ ನನ್ ಕೈಲಾಗಲ್ಲ, ನಾನು ಇಲ್ಲೇ ಇರ್ತೀನಿ" ಎಂದು ಮೊದಲಿನಿಂದಲೂ ಎದುರಾಳಿಯ ಗೋಲಿನ ಬಳಿ ಅವರ ಗೋಲ್ ಕೀಪರ್ ಜೊತೆ ಹರಟುತ್ತ ನಿಂತಿದ್ದರು. ದ್ವಿತೀಯಾರ್ಧದಲ್ಲಿ ಇದ್ದಕ್ಕಿದ್ದಂತೆ ರಾಶಿಯೊಳಗಿಂದ ಚೆಂಡು ಚಿಮ್ಮಿ ಅವರ ಕಾಲಬುಡಕ್ಕೇ ಬಂತು. ಗಿರಿಜತ್ತೆ ಮಾತು ನಿಲ್ಲಿಸದೆ ಒಂದು ಒದ್ದರು. ಗೋಲು! ಗದ್ದೆಯಂಚಿನ ಜನ ಕುಣಿಯತೊಡಗಿದರು.

ನಾನು ವಿಸಿಲ್ ಊದಿದೆ. "ಆಫ್‌ಸೈಡ್! ಗೋಲಿಲ್ಲ!"

"ಎಂತಕ್ಕೆ?" ಗಿರಿಜತ್ತೆ ಸೊಂಟಕ್ಕೆ ಕೈಯಿಟ್ಟರು. "ಬಡಿಸಿದೋರು ಯಾರು, ಅದನ್ನ ಹೇಳು ಮೊದ್ಲು. ಅಣ್ಣ ನಂಗೂ ಹೋಳಿಗೆ ಪಾಠ ಮಾಡ್ಯಾನೆ."

ಸರಿಯಾದ ಪ್ರಶ್ನೆ. ಚೆಂಡು ಕಳಿಸಿದವರು ಮೇಲಿನಕೇರಿಯವರಾದರೆ ಆಫ್‌ಸೈಡ್. ಕೆಳಗಿನಕೇರಿಯವರೇ ಬೇಕೆಂದು ಹೊಡೆದದ್ದಾದರೆ ಗೋಲು. ನಾನು ರಾಶಿಯತ್ತ ತಿರುಗಿ, "ಹೊಡೆದವರು ಯಾರು?" ಎಂದೆ. ಒಬ್ಬೊಬ್ಬರನ್ನೇ ಪಾಟೀಸವಾಲಿಗೆ ಒಳಪಡಿಸಿದೆ. ಕೆಳಗಿನಕೇರಿಯ ಶೋಭಕ್ಕ ಕಣ್ಣಿನ ಕೆಸರು ಒರೆಸಿಕೊಂಡು ಹೇಳಿದಳು: "ಒಂದು ಕಾಲು ಹೊಡೆದದ್ದು ಕಂಡೆ. ಅದು ನಂದೇ ಹೌದೋ ಅಲ್ವೋ ಹೇಳೋದು ಕಷ್ಟ."

ಸಾಕ್ಷ್ಯವಿಲ್ಲದಿದ್ದರೇನು, ತರ್ಕವಿದೆಯಲ್ಲ! ಚೆಂಡು ಚಿಮ್ಮಿದ ಕೋನ, ಉಭಯ ತಂಡಗಳ ಉದ್ದೇಶ, ನಿಯಮ ರಚಿಸಿದವರ ಆಶಯ ಎಂದು ಒಂದೊಂದಾಗಿ ಮಂಡಿಸತೊಡಗಿದೆ. ನಡುವೆ ಯಾರೋ "ಆತು ಬಿಡೇ" ಎಂದದ್ದಕ್ಕೂ ಸಮರ್ಪಕ ಉತ್ತರ ಕೊಟ್ಟೆ. ಹದಿನಾಲ್ಕು ಹೆಂಗಸರು ಮೊಣಕಾಲುದ್ದ ಕೆಸರಿನಲ್ಲಿ, ನಾಟಿ ಮಾಡಿಟ್ಟ ಹಾಗೆ, ಸದ್ದಿಲ್ಲದೆ ನಿಂತು ಕೇಳಿದರು. ನಾನು ಉಪಸಂಹಾರಕ್ಕೆ ಬರುವಷ್ಟರಲ್ಲಿ ಆಟದ ಸಮಯ ಮುಗಿದಿತ್ತು.

ದೊಡ್ಡಪ್ಪ ಮೈಕ್ ಹಿಡಿದರು. ಕೊಡ ಮರಳಿತೆಂದೇ ಎಣಿಸಿದೆ. "ಆಡೋರು ಯಾರೂ ಜಗಳ ಆಡಿಲ್ಲ" ಎಂದರು ಅವರು. "ಜಗಳ ಆಡಿದ್ದು ರೆಫರಿ ಒಬ್ಳೇ. ಹಂಗಾಗಿ ಮುಂದಿನ ವರ್ಷಾನೂ ಹೆಂಗಸರಿಗೆ ಫುಟ್‌ಬಾಲ್ ಇರ್ತದೆ. ರೆಫರಿ ಮಾತ್ರ ಬೇರೆ."

ಕೆಸರು ಮೆಟ್ಟುತ್ತ ಅವರ ಬಳಿ ಹೋಗಿ, "ನಾನು ಹೇಳಿದ್ರಲ್ಲಿ ತಪ್ಪೆಂತ ಇತ್ತು ದೊಡ್ಡಪ್ಪ?" ಎಂದು ಕೇಳಿದೆ.

"ತಪ್ಪೆಂತ ಇಲ್ಲ ಮಗಾ. ನೀ ಹೇಳಿದ್ದೆಲ್ಲ ಸರಿ. ಅದ್ಕೇ ಬೇಡ ಅಂದಿದ್ದು."

ಆ ಮಾತು ತರ್ಕಕ್ಕೆ ಯಾಕೆ ನಿಲ್ಲುವುದಿಲ್ಲ ಎಂಬುದಕ್ಕೆ ನಾನು ಅಲ್ಲಿಯೇ ಮೂರು ಕಾರಣ ಕೊಟ್ಟೆ. ಮೂರನೆಯದಕ್ಕೆ ಬರುವಷ್ಟರಲ್ಲಿ ದೊಡ್ಡಪ್ಪ ನನ್ನ ಕೊರಳಿನ ವಿಸಿಲ್ ಬಿಚ್ಚಿ ಗಿರಿಜತ್ತೆಗೆ ಹಾಕಿಯಾಗಿತ್ತು.