ಮಾಳಿಗೆ ಹತ್ತಿದ ಕುರಿಹಿಂಡು

ಬೇಡಕಿಹಾಳದ ಗೌರಾಬಾಯಿ ತಾರಸಿ ತೋಟದ ಶಿಬಿರ ಮುಗಿಸಿ ಮನೆಗೆ ಬಂದವಳೇ, ಚಪ್ಪಲಿ ಕೂಡ ಬಿಡದೆ ಪಡಸಾಲೆಯಲ್ಲಿ ನಿಂತು ಸಾರಿಬಿಟ್ಟಳು:

"ಇನ್ನ ಮ್ಯಾಲ ನಾ ಕಲಿಯಾಕಿ ಅಲ್ಲ, ಕಲಸಾಕಿ!"

ಗಂಡ ಲಗಮಣ್ಣ ಎಲೆಗೆ ಸುಣ್ಣ ಹಚ್ಚುತ್ತಿದ್ದ. "ಯಾರಿಗೆ?" ಎಂದ.

"ರಾಯಬಾಗದವರಿಗೆ, ಅಥಣಿಯವರಿಗೆ, ಕಾಗವಾಡದವರಿಗೆ!"

"ಪಾಪ, ಅವರೇನ ತಪ್ಪ ಮಾಡ್ಯಾರ?"

ಸಂಗತಿ ಇಷ್ಟು. ಶಿಬಿರ ನಡೆಸುವ ಮನಿಷಾ ಮೇಡಂ ಊರಿನ ಹೆಂಗಸರಲ್ಲಿ ಒಬ್ಬಳನ್ನು ಆರಿಸಿ, ಮುಂದಿನ ಶಿಬಿರಗಳಿಗೆ ಕಲಿಸುವವಳಾಗಿ ಕರೆದೊಯ್ಯುತ್ತೇನೆ ಎಂದಿದ್ದರು. ಯಾರ ಮಾಳಿಗೆಯ ತೋಟ ಚೆಂದವೋ ಅವಳೇ ಗುರು. ಕೊನೆಗೆ ಕಣದಲ್ಲಿ ಉಳಿದವರು ಇಬ್ಬರು: ಗೌರಾಬಾಯಿ ಮತ್ತು ಎದುರು ಮನೆಯ ಚನ್ನವ್ವ. ಗುರುವಾಗುವ ಆಸೆ ಗೌರಾಬಾಯಿಗೆ ಎಷ್ಟಿತ್ತೆಂದರೆ, ಊಟ ಬಡಿಸುವಾಗಲೂ ಗಂಡನಿಗೆ ಪಾಠ ಮಾಡುತ್ತಿದ್ದಳು. ಇಷ್ಟು ವರ್ಷಗಳಲ್ಲಿ ಅವಳ ಮಾತನ್ನು ಸುಮ್ಮನೆ ನಿಂತು ಕೇಳಿದವು ಎಮ್ಮೆಗಳು ಮಾತ್ರ. ಅವೂ ಮುಂದೆ ಮೇವಿದ್ದಾಗ.

ಆದರೆ ಚನ್ನವ್ವನ ಮಾಳಿಗೆಯ ಬದನೆಕಾಯಿ ಎಣ್ಣೆ ಹಚ್ಚಿದಂತೆ ಮಿಂಚುತ್ತಿದ್ದವು. ಗೌರಾಬಾಯಿಯ ಮೆಂತ್ಯಪಲ್ಲೆಗೆ ಕಾಮಾಲೆ ಬಡಿದಿತ್ತು.

"ಮಣ್ಣಿಗೆ ಕಸುವಿಲ್ಲ. ಕುರಿ ನಿಲ್ಲಸಬೇಕು" ಎಂದು ತೀರ್ಪು ಕೊಟ್ಟಳು.

ಕಬ್ಬು ನಾಟಿಗೆ ಮೊದಲು ಹೊಲದಲ್ಲಿ ಕುರಿಹಿಂಡು ನಿಲ್ಲಿಸುವುದು ಆ ಮನೆಯ ಹಳೆಯ ಪದ್ಧತಿ. ಹೊಲಕ್ಕೆ ಆಗಿಬಂದದ್ದು ಮಾಳಿಗೆಗೆ ಯಾಕೆ ಆಗಿಬರಬಾರದು?

"ಒಂದ ಚೀಲ ಕುರಿ ಹಿಕ್ಕಿ ತಂದ ಹಾಕಿದ್ರ ಆತಲ್ಲ?" ಎಂದ ಲಗಮಣ್ಣ.

"ಚೀಲದ ಹಿಕ್ಕಿ ಒಣಾ ಇರತೈತ್ರಿ. ಕುರಿ ಕೂತ ಎದ್ದಲ್ಲಿ ಉಚ್ಚಿ ಸೈತ ಇಳೀತೈತಿ. ಹೊಲಾ ಮಾಡಿದಾಕಿ ನಾನು, ನನಗ ಹೇಳಬ್ಯಾಡ್ರಿ."

"ಹೊಲಾ ನೆಲದ ಮ್ಯಾಲ ಐತಿ, ಗೌರಾ."

"ಮಾಳಗಿ ಏನ ನೀರಿನ ಮ್ಯಾಲ ಐತೇನ್ರಿ?"

ಲಗಮಣ್ಣ ಎಲೆ ಬಾಯಿಗೆ ಹಾಕಿಕೊಂಡ. ಅದು ಅವನು ಸೋಲೊಪ್ಪುವ ರೀತಿ.

ಮೇಡಂ ತೋಟ ನೋಡಲು ಬರುವ ಹಿಂದಿನ ದಿನವೇ ಜುಗೂಳದ ಹೊಳೆದಂಡೆಯಿಂದ ಮಲಕಾರಿ ಕುರಿ ಹೊಡೆದುಕೊಂಡು ಬಂದ. ಪ್ರತಿ ವರ್ಷ ಅವರ ಹೊಲದಲ್ಲಿ ಹಿಂಡು ನಿಲ್ಲಿಸುವವನು ಅವನೇ. ಗೌರಾಬಾಯಿ ಒಂದು ಬುಟ್ಟಿ ಜೋಳ, ಹೊಟ್ಟೆ ತುಂಬ ಊಟಕ್ಕೆ ಮಾತು ಮುಗಿಸಿದಳು.

"ಹತ್ತ ಕುರಿ ಸಾಕಪಾ. ಮಧ್ಯಾಹ್ನದ ಒಂದ ನಿದ್ದಿ ಅಷ್ಟ."

"ಹತ್ತ ಅಂತ ಕುರಿಗೆ ಹೆಂಗ ಹೇಳ್ಲಿ ಅಕ್ಕಾ?"

"ಕುರಿ ನಿನ್ನವು. ನೀನ ಹೇಳು."

ಗೌರಾಬಾಯಿ ದಡ್ಡಿಯಲ್ಲ. ಒಂದೊಂದು ಕುಂಡದ ಮೇಲೂ ಬುಟ್ಟಿ ಬೋರಲು ಹಾಕಿ, ಮೇಲೆ ಕಲ್ಲು ಹೇರಿದ್ದಳು. ಮನೆಯ ಹೊರಗಿನ ಮೆಟ್ಟಿಲನ್ನು ಮೊದಲು ಟಗರು ಏರಿತು. ಅದರ ಹಿಂದೆ ಒಪ್ಪಂದದ ಹತ್ತು ಕುರಿ ಏರಿದವು. ಉಳಿದವಕ್ಕೆ ಒಪ್ಪಂದ ತಿಳಿದಿರಲಿಲ್ಲ. ಮಲಕಾರಿ ಕೋಲು ಅಡ್ಡ ಹಿಡಿದ; ಕೋಲಿನ ಮೇಲೆ ಹಾರಿ ಹೋದವು. ಗೌರಾಬಾಯಿ ತಾನೇ ಅಡ್ಡ ನಿಂತಳು. ಅವಳನ್ನೂ ನಾಲ್ಕು ಮೆಟ್ಟಿಲು ಮೇಲಕ್ಕೆ ಒಯ್ದವು. ಕೊನೆಗೆ ಕುಂಟುತ್ತಿದ್ದ ಒಂದು ಮುದಿ ಕುರಿಯೂ ಏರಿ ಹಿಂಡನ್ನು ಸಂಪೂರ್ಣಗೊಳಿಸಿತು.

ಬುಟ್ಟಿಗಳು ಮೆಂತ್ಯವನ್ನು ಕಾಯ್ದವು, ಮುಚ್ಚಿಟ್ಟ ಬಟ್ಟೆ ಮಕ್ಕಳಿಂದ ಹೋಳಿಗೆಯನ್ನು ಕಾಯುವಷ್ಟು ಹೊತ್ತು. ಮೆಂತ್ಯ ಹೋಯಿತು, ಮೆಣಸಿನ ಗಿಡ ಹೋಯಿತು. ಒಣಹಾಕಿದ್ದ ಲಗಮಣ್ಣನ ಅರ್ಧ ಧೋತರವೂ ಹೋಯಿತು.

ಇಳಿಹೊತ್ತಿಗೆ ಮಲಕಾರಿ ಕೆಳಗೆ ನಿಂತು ಕೂಗಿದ. ಟಗರು ಮೆಟ್ಟಿಲ ತುದಿಗೆ ಬಂತು, ಕೆಳಗೆ ನೋಡಿತು, ಹಿಂದಕ್ಕೆ ಸರಿಯಿತು.

"ಯಾಕೋ ಮಲಕಾರಿ?"

"ಏರೂದು ಗೊತ್ತೈತಿ ಅಕ್ಕಾ. ಇಳಿಯೂದರ ಶಿಬಿರ ಅವಕ್ಕಿನ್ನೂ ಆಗಿಲ್ಲ."

"ಎತ್ತಿ ಇಳಸಪಾ ಮತ್ತ!"

"ಕಂಬಿ ಇಲ್ಲದ ಮೆಟ್ಟಲ, ಹೊತ್ತ ಮುಳಗಾಕತ್ತೈತಿ. ಒಬ್ಬಾವ ಎತ್ತಿಕೊಂಡ ಬಿದ್ನಂದ್ರ? ನಾಳಿ ನೋಡೂಣು" ಎಂದು ಅವನೂ ಕಂಬಳಿ ಹೊತ್ತು ಮಾಳಿಗೆ ಹತ್ತಿದ. ಆ ರಾತ್ರಿ ಲಗಮಣ್ಣ ಹೆಂಡತಿಗೆ ಏನೇನೋ ಅಂದ. ಮಾಳಿಗೆಯ ಮೇಲಿನ ಗದ್ದಲದಲ್ಲಿ ಒಂದೂ ಕೇಳಿಸಲಿಲ್ಲ.

ಬೆಳಗಾದರೆ ಮೇಡಂ ಅವರ ಟಂಟಂ ಗಾಡಿ ಬಂದೇಬಿಟ್ಟಿತು! ಮೇಡಂ ಇಳಿದರು; ಚನ್ನವ್ವನೂ ಸೇರಿ ಶಿಬಿರದ ಹೆಂಗಸರೆಲ್ಲ ಜೊತೆಗೆ ಬಂದರು. ಗೌರಾಬಾಯಿ ಚಹಾ ಕೊಟ್ಟಳು. ಚುರಮುರಿ ಕೊಟ್ಟಳು. ಮತ್ತೆ ಚಹಾ ಕೊಟ್ಟಳು.

"ಇನ್ನ ಮಾಳಗಿಗೆ ಹೋಗೂಣ್ರಿ?" ಎಂದರು ಮೇಡಂ.

"ಮೊದಲ ಚನ್ನವ್ವಂದು ನೋಡಿ ಬರ್ರಿ ಮೇಡಂ. ಸಣ್ಣಾಕಿ, ಕಾಯಸಬಾರದು."

ಮೇಲಿಂದ "ಬ್ಯಾ" ಎಂದಿತು.

"ಏನ್ರಿ ಅದು?"

"ಟೀವಿ ರೀ."

"ಟೀವಿ ಕೆಟ್ಟ ಭಾಳ ದಿನ ಆತು" ಎಂದ ಲಗಮಣ್ಣ. ಸುಳ್ಳು ಅವನ ಬಾಯಲ್ಲಿ ಬರುತ್ತಿರಲಿಲ್ಲ.

ಎಲ್ಲರೂ ಅಂಗಳಕ್ಕೆ ಓಡಿ ತಲೆ ಎತ್ತಿದರು. ಮಾಳಿಗೆಯ ಅಂಚಿನ ಗೋಡೆಯುದ್ದಕ್ಕೂ ಸಾಲಾಗಿ ಮುಖಗಳು. ನಡುವೆ ಟಗರು, ಕೋಡಿಗೆ ಬುಟ್ಟಿ ಸಿಗಿಸಿಕೊಂಡು, ಪೇಟ ಸುತ್ತಿದ ಅಧ್ಯಕ್ಷರಂತೆ ನಿಂತಿತ್ತು.

"ಅಗ ಬಾಯೀ!" ಎಂದಳು ಚನ್ನವ್ವ. "ಗೌರಕ್ಕನ ತ್ವಾಟದಾಗ ಏನ ಚೆಂದ ಕಾಯಿ ಹಿಡದಾವ!"

ಮುಂದೆ ನಡೆದದ್ದು ಪಾಠವಲ್ಲ. ಮೆಟ್ಟಿಲಿಗೊಬ್ಬರಂತೆ ಹೆಂಗಸರು ನಿಂತರು. ಮೇಲಿಂದ ಮಲಕಾರಿ ಕೊಟ್ಟ ಕುರಿ ಕೈಯಿಂದ ಕೈಗೆ, ಎದೆಯಿಂದ ಎದೆಗೆ ಇಳಿಯಿತು. ನಡುವಿನ ಮೆಟ್ಟಿಲಲ್ಲಿ ಸ್ವತಃ ಮೇಡಂ. ಅವರ ಇಸ್ತ್ರಿ ಸೀರೆಯ ಮೇಲೆ ಕುರಿಗಳು ತಮ್ಮ ಗುರುತು ಬಿಟ್ಟೇ ಇಳಿದವು. ಟಗರನ್ನು ಇಳಿಸಲು ಲಗಮಣ್ಣನೂ ಅರ್ಧ ಧೋತರದಲ್ಲೇ ಬರಬೇಕಾಯಿತು.

ಕೊನೆಯ ಕುರಿ ನೆಲ ಮುಟ್ಟಿದಾಗ ಮೇಡಂ ಸೆರಗು ಹಿಂಡುತ್ತ ಹೇಳಿದರು: "ಮಧ್ಯಾಹ್ನ 'ಕೂಡಿ ಕೆಲಸ ಮಾಡುವ ಬಗೆ' ಅಂತ ಪಾಠ ಇತ್ರಿ. ಅದ ಮುಗೀತು. ಊಟಾ ಮಾಡ್ರಿ."

ಆಮೇಲೆ ಮೇಲೆ ಹತ್ತಿದರು. ಗಿಡ ಒಂದೂ ಇಲ್ಲ. ಎಲ್ಲಿ ಕಾಲಿಟ್ಟರೂ ಹಿಕ್ಕಿ. ಮೇಡಂ ಒಂದು ಕುಂಡದ ಮಣ್ಣನ್ನು ಹಿಡಿಯಲ್ಲಿ ಹಿಡಿದು ನೋಡಿದರು.

"ಗೌರಾಬಾಯಿ, ನಿಮ್ಮನ್ನ ಬಿಟ್ಟ ಹೋಗಾಕ ಆಗಾಂಗಿಲ್ಲ. ಎಲ್ಲಾ ಶಿಬಿರಕ್ಕೂ ನೀವು ಬರಬೇಕು!"

ಗೌರಾಬಾಯಿ ಗಂಡನ ಕಡೆ ತಿರುಗಿದಳು. ಆ ನೋಟದಲ್ಲಿ ಇಡೀ ಬೆಳಗಾವಿ ಜಿಲ್ಲೆ ಅವಳದಾಗಿತ್ತು.

"ಕಲಸೂದು ಚನ್ನವ್ವಾರು" ಎಂದರು ಮೇಡಂ. "ಗೊಬ್ಬರ ನಿಮ್ಮದು."

ಮುಂದಿನ ವಾರ ಟಂಟಂ ಅಲಖನೂರಿಗೆ ಹೊರಟಿತು. ಮುಂದಿನ ಸೀಟಿನಲ್ಲಿ ಮೇಡಂ ಪಕ್ಕ ಹೊಸ ಸೀರೆಯ ಚನ್ನವ್ವ. ಹಿಂದೆ, ಒಂದರ ಮೇಲೊಂದು ಪೇರಿಸಿದ ಹಿಕ್ಕಿ ಚೀಲಗಳ ತುದಿಯಲ್ಲಿ ಗೌರಾಬಾಯಿ. ಅಲಖನೂರಿನ ಹೆಂಗಸರು ಚನ್ನವ್ವನಿಗೆ ಅರಿಶಿನ ಕುಂಕುಮ ಹಚ್ಚಿ ಒಳಗೆ ಕರೆದರು. ಗೌರಾಬಾಯಿ ಒಂದು ಕಾಲು ಕೆಳಗೆ ಚಾಚಿದಳು. ನೆಲ ನೋಡಿದಳು. ಕಾಲು ಹಿಂದಕ್ಕೆ ಎಳೆದುಕೊಂಡಳು.

"ಚನ್ನವ್ವಾ," ಎಂದಳು ಮೆಲ್ಲಗೆ, "ಹೋಗಬ್ಯಾಡವಾ. ಈ ಮಂದೀನ ಸಾಲಾಗಿ ನಿಲ್ಲಸು."