ಕಾಕು ಅಂಟಿಸಿದ ಖಣಗಳು

ನಮ್ಮ ಕಾಕುವಿನ ಮನೆಯಲ್ಲಿ ಒಂದೇ ಕಡೆ ಬಹಳ ಹೊತ್ತು ಕೂರಬಾರದು. ಕೂತರೆ ನಿಮ್ಮನ್ನೂ ಹಲಗೆಗೆ ಅಂಟಿಸಿಬಿಡುತ್ತಾಳೆ! ಕಾಕು ಎಂದರೆ ನನ್ನ ಕಾಕಾನ, ಅಂದರೆ ಚಿಕ್ಕಪ್ಪನ ಹೆಂಡತಿ. ಬಾಗಲಕೋಟೆಯಿಂದ ಮದುವೆಯಾಗಿ ಪುಣೆಗೆ ಬಂದವಳು, ಅರವತ್ತು ದಾಟಿದ ಮೇಲೆ ಕಲಾವಿದೆಯಾದವಳು. ಬಣ್ಣ, ಒಡೆದ ಬಳೆ, ಹಳೆಯ ಬಸ್ ಟಿಕೆಟ್ಟು ಎಲ್ಲವೂ ಅವಳ ಚಿತ್ರದೊಳಗೆ ಹೋಗುತ್ತವೆ. ಒಂದೊಂದಕ್ಕೂ ಒಂದೊಂದು ಅರ್ಥವಿದೆಯಂತೆ!

ಒಂದು ದಿನ ಕುಕ್ಕರು ಸೀಟಿಯನ್ನೇ ಹೊಡೆಯಲಿಲ್ಲ. ಕಾಕಾ ಅಡುಗೆಮನೆಯನ್ನೆಲ್ಲ ತಡಕಾಡಿ ಕೂಗಿದರು, "ಕುಕ್ಕರಿನ ರಬ್ಬರ್ ಎಲ್ಲಿ ಅದ?"

"ಅದು ಈಗ ಚಂದ್ರ ಆಗ್ಯಾದ್ರಿ. ಗ್ವಾಡಿ ಮ್ಯಾಲ ನೋಡ್ರಿ."

"ನಾ ಊಟಕ್ಕ ಏನ್ ಮಾಡ್ಲಿ?"

"ಹುಣ್ಣಿಮಿ ಅಂತ ತಿಳಕೊಂಡು ಉಪವಾಸ ಮಾಡ್ರಿ!"

ಕಾಕಾ ಮೊಸರವಲಕ್ಕಿ ತಿಂದು ಸುಮ್ಮನಾದರು. ಕಲೆಯೊಡನೆ ಸಂಸಾರ ಮಾಡುವುದು ಸುಮ್ಮನೆಯೇ?

ಅವಳ ನಿಜವಾದ ಭಂಡಾರವೆಂದರೆ ಖಣದ ಪೆಟ್ಟಿಗೆ. ಅರಿಶಿನ ಕುಂಕುಮಕ್ಕೆ ಹೋದಾಗ ಉಡಿ ತುಂಬುತ್ತಾರಲ್ಲ, ಆ ಕುಪ್ಪಸದ ಬಟ್ಟೆಗಳು. ಅವನ್ನು ಯಾರಾದರೂ ಹೊಲಿಸಿದ್ದುಂಟೆ? ಮುಂದಿನ ಮನೆಗೆ ದಾಟಿಸುವುದೇ ಪದ್ಧತಿ! ಮರೆತು ಕೊಟ್ಟವರಿಗೇ ತಿರುಗಿ ಕೊಟ್ಟರೆ ಮಾನ ಹೋಗುತ್ತದೆಂದು, ಹೆಂಗಸರು ಖಣದ ಮೂಲೆಯಲ್ಲಿ ಕೊಟ್ಟವರ ಹೆಸರನ್ನು ಪೆನ್ನಿನಲ್ಲಿ ಗುಟ್ಟಾಗಿ ಬರೆದಿಡುತ್ತಾರೆ. ದಾಟಿಸುವಾಗ ಗೀಚಿಹಾಕುತ್ತಾರೆ. ಕಾಕುವೂ ಬರೆಯುತ್ತಿದ್ದಳು. ಆದರೆ ಬಂದ ಒಂದು ಖಣವನ್ನೂ ಅವಳು ಯಾರಿಗೂ ದಾಟಿಸಿರಲಿಲ್ಲ.

ಹೋದ ಚಳಿಗಾಲದಲ್ಲಿ ಪುಣೆಯ ಕ್ಯಾಂಪ್ ಬಡಾವಣೆಯ ಒಂದು ಸಭಾಂಗಣದಲ್ಲಿ ಅವಳ ಮೊದಲ ಪ್ರದರ್ಶನ. ದೊಡ್ಡ ಚಿತ್ರದ ತುಂಬ ಆ ಖಣಗಳೇ, ಹೆಸರುಗಳ ಸಮೇತ! ಖಣ ಕೊಟ್ಟ ಹೆಂಗಸರನ್ನೆಲ್ಲ ಬೇರೆ ಕರೆದಿದ್ದಳು.

"ಕಾಕು, ಹೆಸರು ಕಾಣಾಕತ್ತಾವಲ್ಲ, ಜಗಳ ಆಗ್ತದ," ಎಂದೆ.

"ಕಾಣ್ಲಿ ಅಂತನಽ ಹಚ್ಚೇನಿ. ಆದ್ರ ಯಾರೂ ಮುನಿಸ್ಕೊಂಡು ಹೋಗಬಾರದಪಾ. ಈ ಊರಾಗ ನನ್ನ ಮಂದಿ ಅಂದ್ರ ಅವ್ರಽ." ಅವಳ ದನಿ ಸಣ್ಣಗಾಯಿತು.

ಜೋಶಿಬಾಯಿ ಬಂದವರೇ "ಹಾ ತರ ಮಾಝಾ ಖಣ!" ಎಂದು, ಇದು ತಮ್ಮದೇ ಖಣವೆಂದು ಮರಾಠಿಯಲ್ಲಿ ಹಿಗ್ಗಿ ಬೆರಳಿಟ್ಟರು. ಅವರ ಹೆಸರಿನ ಪಕ್ಕದಲ್ಲೇ ಗೀಚಿಹಾಕಿದ ಇನ್ನೊಂದು ಹೆಸರಿತ್ತು, ಪಾಟೀಲಬಾಯಿಯದು. ಕಾಕು ಅದನ್ನು ಗಮನಿಸಿಯೇ ಇರಲಿಲ್ಲ. ಪಾಟೀಲಬಾಯಿ ಹಿಂದೆಯೇ ನಿಂತಿದ್ದರು!

"ಗುಳೇದಗುಡ್ಡದಿಂದ ತರಿಸಿ ಕೊಟ್ಟಿದ್ದೆ. ದಾಟಿಸೇ ಬಿಟ್ರ್ಯಾ?"

ಪಾಟೀಲಬಾಯಿಯೇ ಕಾಕುವಿಗೆ ಕೊಟ್ಟಿದ್ದ ಇನ್ನೊಂದು ಖಣದ ಮೂಲೆಯಲ್ಲೂ ಗೀಚಿಹಾಕಿದ ಮೂರನೆಯವರ ಹೆಸರು ಕಂಡದ್ದೇ ತಡ, ಸಭಾಂಗಣ ಸಂತೆಯಾಯಿತು. ಇಬ್ಬರು ಬಾಗಿಲ ಕಡೆ ಹೊರಟೇಬಿಟ್ಟರು. ಕಾಕುವಿನ ಮುಖ ಬಿಳಿಚಿತು. ಗಾಬರಿಯಾದ ಸಂಘಟಕರು ಅವಳ ಕೈಗೆ ಮೈಕು ಕೊಟ್ಟು, ಚಿತ್ರದ ಅರ್ಥ ಹೇಳಿ ಎಂದರು. ಮರಾಠಿಯಲ್ಲಿ ಶುರುಮಾಡಿದವಳು ಎರಡೇ ಮಾತಿಗೆ ಕನ್ನಡಕ್ಕೆ ಜಾರಿದಳು.

"ಯಾರದು ಯಾರಿಗೆ ಹೋಗಿ ಬಂತೋ, ಕಡೀಕ ನನ್ನ ಉಡಿಗೇ ಬಂತಲ್ರೀ! ನನಗ ಕೂಸು ಆಗ್ಲಿ ಅಂತ ಎಲ್ಲಾರೂ ಹರಸಿ ತುಂಬಿದ್ರಿ. ಆಗ್ಲಿಲ್ಲ. ಇಕಿ ಉಡಿ ಖಾಲಿ ಅಂತ ಆಡ್ಕೊಂಡವರೂ ಭಾಳ ಮಂದಿ. ಇಲ್ಲಿ ನೋಡ್ರಿ. ಖಾಲಿ ಜಾಗಾ ಎಲ್ಲಿ ಅದ, ತೋರಿಸ್ರಿ!"

ಯಾರೂ ತೋರಿಸಲಿಲ್ಲ. ಬಾಗಿಲಿಗೆ ಹೋದವರು ತಿರುಗಿ ಬಂದರು. ಜೋಶಿಬಾಯಿ ಪಾಟೀಲಬಾಯಿಯ ಸೆರಗಿನಲ್ಲೇ ಕಣ್ಣೊರೆಸಿಕೊಂಡರು. ನನಗೂ ಅಳು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಚಪ್ಪಾಳೆ ಕೇಳಿಸಿತು. ಕಾಕಾ ಎದ್ದು ನಿಂತಿದ್ದರು. ಪಕ್ಕದಲ್ಲಿದ್ದ ಗುರುತಿಲ್ಲದವರ ತೋಳು ಹಿಡಿದು ಅಲುಗಿಸಿ ಹೇಳುತ್ತಿದ್ದರು, "ಇಕಿ ನನ್ನ ಹೇಣ್ತಿರೀ! ನನ್ನ ಹೇಣ್ತಿ!"