ಈಜುವವನಿಗೆ ಚಪ್ಪಾಳೆ

ಮಾಡಿದ ಸಾಹಸವನ್ನು ನಾಲ್ಕು ಜನ ನೋಡದಿದ್ದರೆ ಮಾಡಿದ ತೃಪ್ತಿಯೇ ಸಿಗದ ಮನುಷ್ಯರಿರುತ್ತಾರೆ. ನಾನು ಆ ಪೈಕಿ. ಅಂಥವನು ಈಜನ್ನು ಹವ್ಯಾಸವಾಗಿ ಹಿಡಿದದ್ದು ಹಣೆಬರಹವೇ ಸರಿ. ಓಡುವವರನ್ನು ನೋಡಿ. ನಮ್ಮೂರಿನ ಕದ್ರಿ ಗುಡ್ಡದ ಏರಿನಲ್ಲಿ ಏದುಸಿರು ಬಿಡುತ್ತಾ ಓಡಿದರೆ ಪಾರ್ಕಿಗೆ ಬಂದ ಹಿರಿಯರು ಶಭಾಷ್ ಎನ್ನುತ್ತಾರೆ, ರಿಕ್ಷಾದವರು ಕೂಡ ಒಮ್ಮೊಮ್ಮೆ ದಾರಿ ಬಿಡುತ್ತಾರೆ. ಸೈಕಲ್ಲಿನವರ ವೈಭವವನ್ನಂತೂ ಕೇಳಲೇಬೇಡಿ. ಬಿಜೈಯ ಹೋಟೆಲಿನಲ್ಲಿ ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ಬನ್ಸ್ ತಿನ್ನುತ್ತಾ ಕುಳಿತರೆ ಸಾಕು, ಪಕ್ಕದವರು ತಾವಾಗಿಯೇ ಎಲ್ಲಿಂದ ತುಳಿದುಕೊಂಡು ಬಂದಿರಿ ಎಂದು ವಿಚಾರಿಸುತ್ತಾರೆ. ಈಜುವವನನ್ನು ಯಾರು ಕೇಳುತ್ತಾರೆ? ಮುಖ ನೀರಿನೊಳಗೆ, ತಲೆ ಟೋಪಿಯೊಳಗೆ, ಕಣ್ಣು ಕನ್ನಡಕದೊಳಗೆ. ಪ್ರಾಣ ಹೋಗುವಷ್ಟು ದಣಿದರೂ ಬೆವರು ಕಾಣುವುದಿಲ್ಲ. ಫೋಟೋ ತೆಗೆಸಿಕೊಳ್ಳೋಣವೆಂದರೆ ಹೊಟ್ಟೆ ಅಡ್ಡ ಬರುತ್ತದೆ.

ಈ ಅನಾದರ ನನಗೆ ಮನೆಯಿಂದಲೇ ಶುರು. ನಮ್ಮದು ದೇವಸ್ಥಾನದ ಪೂಜೆಯ ಮನೆತನ. ಅಪ್ಪ ನನಗೆ ದೇವಸ್ಥಾನದ ಕೆರೆಯಲ್ಲಿ ಈಜು ಕಲಿಸಿದರು ನಿಜ, ಆದರೆ ಅವರ ಲೆಕ್ಕದಲ್ಲಿ ಈಜು ಎಂದರೆ ಸ್ವಲ್ಪ ಉದ್ದವಾದ ಸ್ನಾನ. ಕಚೇರಿಗೆ ಬಂದರೆ ಅಲ್ಲಿ ದಿನಕರ. ತಲೆಮಾರುಗಳಿಂದ ಕಡಲಿಗೆ ಹೋಗುವ ಮನೆಯವನು. ಅವನೊಬ್ಬ ಓಟಗಾರ, ಗೆದ್ದ ಪದಕಗಳನ್ನೆಲ್ಲ ಕಂಪ್ಯೂಟರಿಗೆ ತೂಗುಹಾಕಿದ್ದಾನೆ. ಒಮ್ಮೆ ನನ್ನ ಜೊತೆ ಈಜಲು ಬಾ ಎಂದು ಕರೆದೆ.

"ಎಂತ ಭಟ್ರೇ, ದೋಣಿ ಮಗುಚಿದರೆ ಈಜುವುದು. ದೋಣಿ ಸರಿ ಉಂಟು, ಮತ್ತೆ ಸುಮ್ಮನೆ ಯಾಕೆ ಈಜುವುದು ಮಾರಾಯ್ರೆ?" ಎಂದ.

ಇದನ್ನೆಲ್ಲ ನಕ್ಕು ಸಹಿಸಿಕೊಂಡಿದ್ದೆ. ಆದರೆ ಒಂದು ದಿನ ಈಜುಕೊಳದ ತರಬೇತುದಾರರಾದ ಶಕುಂತಲಾ ಮೇಡಂ, "ನಿಮ್ಮ ಬೆಳಗಿನ ಬ್ಯಾಚಿನಲ್ಲಿ ಜನವೇ ಇಲ್ಲ ಭಟ್ರೇ. ಮುಂದಿನ ತಿಂಗಳೊಳಗೆ ಯಾರೂ ಸೇರದಿದ್ದರೆ ಬ್ಯಾಚ್ ನಿಲ್ಲಿಸ್ತೇವೆ" ಎಂದುಬಿಟ್ಟರು. ನನಗೆ ನಿಜಕ್ಕೂ ಸಂಕಟವಾಯಿತು. ಇಡೀ ದಿನದಲ್ಲಿ ಯಾರ ಫೋನೂ ಯಾರ ಮಾತೂ ಮುಟ್ಟದ ಹೊತ್ತು ಎಂದರೆ ನೀರಿನಲ್ಲಿರುವ ಅದೊಂದೇ. ಅದು ಹೋದರೆ ನಾನು ಬರೀ ಗುಮಾಸ್ತ. ಹೇಗಾದರೂ ಮಾಡಿ ಜನರಿಗೆ ಈಜಿನ ರುಚಿ ಹತ್ತಿಸಬೇಕೆಂದು ಯೋಚಿಸುತ್ತಿದ್ದಾಗ ಕಡಲಿನಲ್ಲಿ ಈಜುವ ಸ್ಪರ್ಧೆಯೊಂದರ ಸುದ್ದಿ ಬಂತು. ಕೊಳದಲ್ಲಿ ಕಾಣದ ಸೊಬಗು ಕಡಲಿನಲ್ಲಾದರೂ ಕಂಡೀತು ಎಂದುಕೊಂಡು ಹೆಸರು ಕೊಟ್ಟೆ. ಹೆಂಡತಿ ಸುಮನಾಳನ್ನೂ ಕಚೇರಿಯ ಎಲ್ಲರನ್ನೂ ನೋಡಲು ಕರೆದೆ.

ಭಾನುವಾರ ಬೆಳಿಗ್ಗೆ ಎಲ್ಲರೂ ಕೊಡೆ ಹಿಡಿದುಕೊಂಡು ಸಮುದ್ರ ತೀರಕ್ಕೆ ಬಂದೇ ಬಂದರು. ಅಪಾಯವಾದರೆ ಇರಲಿ ಎಂದು ಸ್ಪರ್ಧೆಯವರು ಮೀನುಗಾರರ ದೋಣಿಗಳನ್ನು ನಿಲ್ಲಿಸಿದ್ದರು. ಅವುಗಳಲ್ಲೊಂದು ದಿನಕರನ ಸೋದರಮಾವ, ನನಗೂ ಪರಿಚಯದ ಸೋಮಣ್ಣನದು. ನಾನು ಚೆನ್ನಾಗಿಯೇ ಈಜುತ್ತಿದ್ದೆ. ವಾಪಸು ತಿರುಗುವ ಜಾಗದಲ್ಲಿ ಒಮ್ಮೆ ತಲೆಯೆತ್ತಿ ದಡ ನೋಡಿದರೆ ನಮ್ಮವರೆಲ್ಲ ಬೇರೆ ಯಾರಿಗೋ ಚಪ್ಪಾಳೆ ತಟ್ಟುತ್ತಿದ್ದಾರೆ! ಈಜುವವರೆಲ್ಲರ ತಲೆಯ ಮೇಲೂ ಒಂದೇ ಬಗೆಯ ಹಳದಿ ಟೋಪಿ. ಸ್ವಂತ ಹೆಂಡತಿಗೇ ಗುರುತು ಸಿಕ್ಕಿಲ್ಲ. ಓಟಗಾರರು ಪರಿಚಯದವರನ್ನು ಕಂಡಾಗ ಏನು ಮಾಡುತ್ತಾರೆ? ಕೈ ಬೀಸುತ್ತಾರೆ. ನಾನೂ ಬೀಸಿದೆ. ಯಾರೂ ನೋಡಲಿಲ್ಲವೆಂದು ಎರಡೂ ಕೈ ಎತ್ತಿ ಜೋರಾಗಿ ಬೀಸಿದೆ.

ಕಡಲಿನವರ ಪಾಲಿಗೆ ನಡುನೀರಿನಲ್ಲಿ ಎತ್ತಿದ ಕೈಗೆ ಒಂದೇ ಅರ್ಥ ಎಂಬುದು ನನಗೆ ಹೊಳೆಯಲೇ ಇಲ್ಲ. ಹಿಂದಿನಿಂದ ಎಂಜಿನ್ ಸದ್ದು ಕೇಳಿತು. ಏನೆಂದು ತಿರುಗುವಷ್ಟರಲ್ಲಿ ಯಾರೋ ಕಂಕುಳಿಗೆ ಕೈಹಾಕಿ ನನ್ನನ್ನು ಅನಾಮತ್ತಾಗಿ ದೋಣಿಗೆ ಎತ್ತಿ ಹಾಕಿದರು.

"ಹೆದರಬೇಡಿ ಭಟ್ರೇ, ನಾನಿದ್ದೇನೆ!" ಎಂದರು ಸೋಮಣ್ಣ.

"ನನಗೆ ಏನೂ ಆಗಲಿಲ್ಲ ಸೋಮಣ್ಣ!"

"ಎಲ್ಲರೂ ಹಾಗೆಯೇ ಹೇಳುವುದು. ಮತ್ತೆ ಕೈ ಎತ್ತಿದ್ದು ಎಂತಕ್ಕೆ?"

"ಸಂತೋಷಕ್ಕೆ."

"ಸಂತೋಷಕ್ಕೆ ಕಡಲಿನಲ್ಲಿ ಯಾರಾದರೂ ಕೈ ಎತ್ತುವುದುಂಟಾ?" ಎಂದು ಅವರು ನನ್ನ ಬೆನ್ನಿಗೆ ಗುದ್ದಿ, ಕುಡಿಯದ ನೀರನ್ನು ಹೊರಗೆ ತೆಗೆಯಲು ನೋಡಿದರು.

ದೋಣಿ ಹತ್ತಿದವನು ಸ್ಪರ್ಧೆಯಿಂದ ಹೊರಗೆ. ದಡಕ್ಕೆ ಬಂದಾಗ ಇಡೀ ತೀರವೇ ಚಪ್ಪಾಳೆ ತಟ್ಟಿತು. ಆಮೇಲೆ ಗೆದ್ದು ಬಂದವನಿಗೂ ಅಷ್ಟು ಬೀಳಲಿಲ್ಲ. ಸುಮನಾ ಅಳುತ್ತಾ ಟವೆಲ್ ಹೊದಿಸಿದಳು, ಗುರುತಿಲ್ಲದ ಹೆಂಗಸೊಬ್ಬರು ನನ್ನ ಬಾಯಿಗೆ ಬಿಸಿ ಚಹಾ ಹಿಡಿದರು. ಈಜಿನ ಮಾನವನ್ನು ಉಳಿಸಲು ಹೋಗಿ ಇದ್ದದ್ದನ್ನೂ ಕಳೆದೆನಲ್ಲ ಎಂದು ನನಗೆ ನಾಚಿಕೆಯೋ ನಾಚಿಕೆ.

ಮರುದಿನ ಕಚೇರಿಯಲ್ಲಿ ಮುಖ ತಗ್ಗಿಸಿ ಕೂತಿದ್ದಾಗ ದಿನಕರ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. ಗೇಲಿ ಶುರುವಾಯಿತು ಎಂದುಕೊಂಡೆ. ಅವನು ದನಿ ತಗ್ಗಿಸಿ, "ಭಟ್ರೇ, ನಿಮ್ಮ ಬ್ಯಾಚಿನಲ್ಲಿ ಜಾಗ ಉಂಟಾ? ನಮ್ಮ ಮನೆಯಲ್ಲಿ ಈಜು ಬಾರದವ ನಾನೊಬ್ಬನೇ. ನಾಚಿಕೆಯಿಂದ ಯಾರ ಹತ್ತಿರವೂ ಹೇಳ್ಲಿಲ್ಲ. ದಿನಾ ಈಜುವ ನಿಮ್ಮ ಅವಸ್ಥೆಯೇ ಹೀಗಾದರೆ ನನ್ನ ಗತಿ ಎಂತದು?" ಎಂದ.

ನಾನು ಮುಳುಗಲಿಲ್ಲ ಮಾರಾಯ, ಕೈ ಬೀಸಿದ್ದು ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಬೆಳಗಿನ ಬ್ಯಾಚಿನ ನೆನಪಾಗಿ ಬಾಯಿ ಮುಚ್ಚಿದೆ. ನಿಟ್ಟುಸಿರೊಂದನ್ನು ಬಿಟ್ಟು, "ನೀರನ್ನು ನಂಬಲಿಕ್ಕಾಗುವುದಿಲ್ಲ ದಿನಕರ, ಬೇಗ ಸೇರು" ಎಂದೆ.

ಅವನ ಹಿಂದೆ ಕಚೇರಿಯ ಅರ್ಧ ಜನ ಸೇರಿದರು. ಸುಮನಾ ಕೂಡ ಸೇರಿದಳು. ಬ್ಯಾಚ್ ಉಳಿಯಿತು, ಈಗ ಕೊಳದಲ್ಲಿ ಕಾಲಿಡಲು ಜಾಗವಿಲ್ಲ. ದಿನಕರ ತೇಲಲು ಕಲಿತ ದಿನ ಪದಕ ಸಿಕ್ಕಿದಾಗಲೂ ಕಾಣದ ನಗು ಅವನ ಮುಖದಲ್ಲಿತ್ತು. ನನ್ನ ಕಣ್ಣೂ ತೇವವಾಯಿತು, ನೀರಿನಲ್ಲಿದ್ದುದರಿಂದ ಯಾರಿಗೂ ಗೊತ್ತಾಗಲಿಲ್ಲ. ಇನ್ನು ಪ್ರೇಕ್ಷಕರ ವಿಷಯ. ನಾನು ಆಳದ ಕಡೆಗೆ ಈಜತೊಡಗಿದರೆ ಅಷ್ಟೂ ಜನ ಕೊಳದ ಅಂಚು ಹಿಡಿದು, ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಾರೆ. ಆಚೆ ತುದಿ ಮುಟ್ಟಿದ ಕೂಡಲೇ ದಿನವೂ ಜೋರಾಗಿ ಚಪ್ಪಾಳೆ ತಟ್ಟುತ್ತಾರೆ, ಸದ್ಯ ಇವತ್ತೂ ಬದುಕಿದನಲ್ಲ ಎಂದು.